ಮೆಡಿಕಲ್ ಅಂಗಡಿಯ ಹೆಪ್ಪು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಊರುಗಳಲ್ಲಿ ಯಾವುದಾದರೂ ಮೆಡಿಕಲ್ ಅಂಗಡಿಯ ಮುಂದೆ ನಿಂತು "ಹೊಟ್ಟಿ ಕೆಟ್ಟೈತಿ ಅಣ್ಣಾ, ಏನರ ಕೊಡು" ಅಂದರೆ ಬರಿಗೈಲಿ ಮರಳುವ ಪ್ರಸಂಗ ಕಡಿಮೆ. ಭೇದಿ ನಿಲ್ಲಿಸುವ ಗುಳಿಗೆ, ಆಂಟಿಬಯಾಟಿಕ್ಕಿನ ಒಂದು ಪಟ್ಟಿ, ಅದರ ಜೊತೆಗೆ ಬೆರಳುದ್ದದ ಪ್ಲಾಸ್ಟಿಕ್ ಸೀಸೆಯೂ ಡಾಕ್ಟರ ಚೀಟಿಯಿಲ್ಲದೆ ಸಿಗುವುದುಂಟು. "ಇದೇನ್ರಿ?" ಎಂದು ಕೇಳಿದರೆ "ಹೊಟ್ಟಿಗೆ ಒಳ್ಳೇದು, ಸೈಡ್ ಎಫೆಕ್ಟ್ ಏನೂ ಇಲ್ಲ" ಎಂಬ ಉತ್ತರ ಬರುತ್ತದೆ. ಆ ಉತ್ತರದ ಮೊದಲರ್ಧ ಕೆಲವೊಮ್ಮೆ ನಿಜ. ಉಳಿದರ್ಧ ಎಲ್ಲರ ಮಟ್ಟಿಗೂ ನಿಜವಲ್ಲ.

ಆ ಸೀಸೆಯನ್ನೇ ಒಮ್ಮೆ ಬೆಳಕಿಗೆ ಹಿಡಿಯೋಣ. ಒಳಗಿರುವುದು 5 ಮಿಲಿಲೀಟರ್ ಮಬ್ಬು ನೀರು. ತಳದಲ್ಲಿ ಬಿಳಿ ಗಸಿ ನಿಲ್ಲುವುದರಿಂದ ಚೆನ್ನಾಗಿ ಅಲುಗಿಸಿ ಮೂತಿ ತಿರುವಿ ಮುರಿಯಬೇಕು. ಹೇಳಿಕೊಳ್ಳುವಂಥ ರುಚಿಯಿಲ್ಲ, ವಾಸನೆಯಿಲ್ಲ. ನೋಡಲು ಸೂಜಿಮದ್ದಿನ ಸೀಸೆಯಂತಿದ್ದರೂ ಇದು ಕುಡಿಯುವುದಕ್ಕೆ ಮಾತ್ರ. ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ ಹೆಚ್ಚಾಗಿ ಬ್ಯಾಸಿಲಸ್ ಕ್ಲಾಸೀ ಎಂಬ ಬ್ಯಾಕ್ಟೀರಿಯಾದ ಹೆಸರು ಇರುತ್ತದೆ, ಪಕ್ಕದಲ್ಲಿ 200 ಕೋಟಿ ಬೀಜಾಣು ಎಂಬ ಲೆಕ್ಕ.

ಇನ್ನೂರು ಕೋಟಿ ಎಂದರೆ ಎದೆ ಝಲ್ಲೆನ್ನಬಹುದು. ಆದರೆ ದೊಡ್ಡವರೊಬ್ಬರ ಮೈಯಲ್ಲಿ ಮೊದಲಿಂದಲೂ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ಲೆಕ್ಕ ಹಾಕಿದರೆ ಸೀಸೆಯ ಅತಿಥಿ ಒಬ್ಬನಿಗೆ ಒಳಗಿನ ನಿವಾಸಿಗಳು 19 ಸಾವಿರ. ಕಾಸಿ ಆರಿಸಿದ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಪಾತ್ರೆಯೆಲ್ಲ ಮೊಸರಾಗುತ್ತದೆ, ಏಕೆಂದರೆ ಕಾಸಿದ ಹಾಲಿನಲ್ಲಿ ಎದುರಾಳಿಗಳು ಉಳಿದಿರುವುದಿಲ್ಲ. ಕರುಳು ಕಾಸಿದ ಹಾಲಲ್ಲ. ಅಲ್ಲಿ ಜಾಗವೆಲ್ಲ ಭರ್ತಿ. ಹೊರಗಿನಿಂದ ಬಂದವು ಬಹುತೇಕ ನೆಲೆ ನಿಲ್ಲುವುದಿಲ್ಲ, ಕುಡಿಯುವುದು ನಿಲ್ಲಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಮಲದೊಂದಿಗೆ ಹೋಗಿಬಿಡುತ್ತವೆ. ಹೋಗುವ ದಾರಿಯಲ್ಲಿ ಅಷ್ಟಿಷ್ಟು ಉಪಕಾರ ಮಾಡಬಹುದು. ಪ್ರೊಬಯಾಟಿಕ್ ಎಂದು ಕರೆಸಿಕೊಳ್ಳುವ ಇಂಥ ಸೂಕ್ಷ್ಮಾಣುಗಳಿಂದ ನಿರೀಕ್ಷಿಸಬೇಕಾದದ್ದು ಅಷ್ಟೇ.

ಇಂಥ ಉಪಕಾರದ ಆಸೆ ಹಳೆಯದು. ಬಲ್ಗೇರಿಯಾದ ರೈತರ ದೀರ್ಘಾಯುಷ್ಯಕ್ಕೆ ಅವರ ಹುಳಿ ಹಾಲೇ ಕಾರಣವೆಂದು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಮೆಚ್ನಿಕಾಫ್ ಕಳೆದ ಶತಮಾನದ ಆರಂಭದಲ್ಲಿ ವಾದಿಸಿದರು. 1908ರಲ್ಲಿ ಅವರಿಗೆ ನೊಬೆಲ್ ಬಂದದ್ದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ, ಮೊಸರಿಗಲ್ಲ. ನಮ್ಮ ಕಡೆಯ ನುಚ್ಚು-ಮಜ್ಜಿಗೆ ಅವರಿಗೆ ಗೊತ್ತಿರಲಿಲ್ಲ, ಬಿಡಿ. ಮುಂದೆ ಫ್ರಾನ್ಸಿನ ಬೌಲಾರ್ಡ್ ಎಂಬಾತ ಇಂಡೋಚೀನಾದ ಕಾಲರಾ ಸೀಮೆಯಲ್ಲಿ ಜನ ಲಿಚಿ, ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯ ಕಷಾಯ ಕುಡಿಯುವುದನ್ನು ಕಂಡು ಒಂದು ಯೀಸ್ಟನ್ನು ಬೇರ್ಪಡಿಸಿದರು. ಇಂದು ಪುಡಿಯ ಪೊಟ್ಟಣದಲ್ಲಿ ಸಿಗುವ ಸ್ಯಾಕರೊಮೈಸಿಸ್ ಬೌಲಾರ್ಡೀ ಅದೇ. ಜಪಾನಿನ ಶಿರೋಟಾ 1930ರಲ್ಲಿ ಗುರುತಿಸಿದ ಬ್ಯಾಕ್ಟೀರಿಯಾ 1935ರಿಂದ ಯಾಕುಲ್ಟ್ ಎಂಬ ಪೇಯವಾಗಿ ಮಾರುಕಟ್ಟೆಗೆ ಬಂತು.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ತಜ್ಞರು ಕೂಡಿ ಒಂದು ಗೆರೆ ಎಳೆದರು. ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಆರೋಗ್ಯಕ್ಕೆ ಲಾಭವಾಗುವಂತಿರಬೇಕು, ಅಂಥದ್ದು ಮಾತ್ರ ಪ್ರೊಬಯಾಟಿಕ್. ಈ ಗೆರೆಯ ಪ್ರಕಾರ ಮನೆಯ ಮೊಸರಿಗೆ ಆ ಬಿರುದು ಸಿಗುವುದಿಲ್ಲ. ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇವೆ, ಆದರೆ ಯಾವುವು, ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆ. ಹಾಗೆಂದು ಮೊಸರು ಕೀಳಲ್ಲ. ಪ್ರೋಟೀನು, ಕ್ಯಾಲ್ಸಿಯಂ ಇರುವ, ಹಾಲಿಗಿಂತ ಸುಲಭವಾಗಿ ಅರಗುವ ಆಹಾರ ಅದು. ಕುದಿಸಿದ ಮಜ್ಜಿಗೆ ಸಾರಿನಲ್ಲಿ ಮಾತ್ರ ಬ್ಯಾಕ್ಟೀರಿಯಾ ಸತ್ತಿರುತ್ತವೆ.

ಹಾಗಾದರೆ ಸೀಸೆ, ಪೊಟ್ಟಣ, ಕ್ಯಾಪ್ಸೂಲುಗಳಿಂದ ಯಾರಿಗೆ ಲಾಭ? ಆಂಟಿಬಯಾಟಿಕ್ ತೆಗೆದುಕೊಳ್ಳುವ ಮಕ್ಕಳಿಗೆ ಆಗುವ ಭೇದಿಯ ವಿಷಯದಲ್ಲಿ ಪುರಾವೆ ತಕ್ಕಮಟ್ಟಿಗೆ ಗಟ್ಟಿಯಾಗಿದೆ. 33 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಸಂಶೋಧಕರ ಜಾಲದ 2019ರ ಪರಾಮರ್ಶೆಯ ಪ್ರಕಾರ ಪ್ರೊಬಯಾಟಿಕ್ ಸಿಗದ ಮಕ್ಕಳಲ್ಲಿ ನೂರಕ್ಕೆ 19 ಮಂದಿಗೆ, ಸಿಕ್ಕವರಲ್ಲಿ 8 ಮಂದಿಗೆ ಭೇದಿಯಾಗಿತ್ತು. ಅದು ಶಿಫಾರಸು ಮಾಡಿದ್ದು ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಅಥವಾ ಬೌಲಾರ್ಡೀ ಯೀಸ್ಟನ್ನು, ದಿನಕ್ಕೆ 500ರಿಂದ 4,000 ಕೋಟಿಯ ಲೆಕ್ಕದಲ್ಲಿ. ಅಂದರೆ ಒಂದು ಜೀವಿಯ ಫಲಿತಾಂಶವನ್ನು ಇನ್ನೊಂದರ ಲೇಬಲ್ಲಿಗೆ ಅಂಟಿಸುವ ಹಾಗಿಲ್ಲ. ಒಂದೇ ಜೀವಿಯಾದರೂ ಪ್ರಮಾಣ ಬೇರೆಯಾದರೆ ಫಲವೂ ಬೇರೆ.

ಕಾಯಿಲೆ ಬದಲಾದರೂ ಕತೆ ಬದಲಾಗುತ್ತದೆ. ಸಾಂಕ್ರಾಮಿಕ ವಾಂತಿಭೇದಿಯಿಂದ ಆಸ್ಪತ್ರೆಗೆ ಬಂದ 971 ಅಮೆರಿಕನ್ ಮಕ್ಕಳಿಗೆ ರಾಮ್ನೋಸಸ್‌ನ ಒಂದು ಪ್ರಸಿದ್ಧ ತಳಿಯನ್ನೋ ಬರೀ ಹುಸಿಮದ್ದನ್ನೋ ಐದು ದಿನ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಇತ್ತ ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೇರೊಂದು ಬ್ಯಾಕ್ಟೀರಿಯಾವನ್ನು ಅದರ ಮೇವಾಗುವ ಸಕ್ಕರೆಯ ಜೊತೆ ಒಂದು ವಾರ ಕೊಟ್ಟಾಗ ರಕ್ತನಂಜು ಮತ್ತು ಸಾವು ಒಟ್ಟಾರೆ ಶೇ. 9ರಿಂದ 5.4ಕ್ಕೆ ಇಳಿದವು. ದೊಡ್ಡ ಸುದ್ದಿಯೇ. ಆದರೆ ಅವು ಸಾಕಷ್ಟು ತೂಕವಿದ್ದ ಶಿಶುಗಳು, ಪ್ರಯೋಗ ಸಂಶೋಧಕರ ನಿಗಾದಲ್ಲಿ ನಡೆಯಿತು. ಅದನ್ನು ಓದಿ ಮನೆಯ ಹಸುಗೂಸಿಗೆ ಯಾವುದೋ ಪುಡಿ ನೆಕ್ಕಿಸುವುದು ಬೇಡ.

ಯಾಕೆ ಬೇಡವೆಂದರೆ, ಇವು ಜೀವಂತ ಸೂಕ್ಷ್ಮಾಣುಗಳು. ಕರುಳಿನ ಗೋಡೆ ದಾಟಿ ರಕ್ತಕ್ಕೆ ಇಳಿದರೆ ಸೋಂಕಾಗುತ್ತವೆ. ಆರೋಗ್ಯವಂತರಲ್ಲಿ ಹಾಗಾಗುವುದು ತೀರಾ ಅಪರೂಪ, ಹೆಚ್ಚೆಂದರೆ ಮೊದಲ ಕೆಲವು ದಿನ ಹೊಟ್ಟೆಯುಬ್ಬರ, ಗ್ಯಾಸು. ಆದರೆ ಅವಧಿಗೆ ಮುನ್ನ ಹುಟ್ಟಿದ, ಆಸ್ಪತ್ರೆಯಲ್ಲಿ ಪ್ರೊಬಯಾಟಿಕ್ ಪಡೆದಿದ್ದ ಶಿಶುವೊಂದು ಅದೇ ಬ್ಯಾಕ್ಟೀರಿಯಾದ ಸೋಂಕಿನಿಂದ ಸತ್ತ ಬಳಿಕ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತು. ಅದಕ್ಕೂ ಮೊದಲು, 2008ರಲ್ಲಿ, ನೆದರ್ಲೆಂಡ್ಸಿನಿಂದ ಬಂದ ವರದಿ ವೈದ್ಯರನ್ನು ದಂಗುಬಡಿಸಿತ್ತು. ತೀವ್ರ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ ಇದ್ದವರಿಗೆ ಒಳ್ಳೆಯದಾಗಲೆಂದು ಪ್ರೊಬಯಾಟಿಕ್ ಕೊಟ್ಟರೆ, ಅದು ಸಿಕ್ಕವರಲ್ಲಿ ಶೇ. 16, ಸಿಗದವರಲ್ಲಿ ಶೇ. 6 ಮಂದಿ ಸತ್ತರು. ಕಿಮೋಥೆರಪಿಯಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಬಹಳ ದಿನದಿಂದ ಹೆಚ್ಚು ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಐಸಿಯುನಲ್ಲಿ ಕುತ್ತಿಗೆಯ ನಾಳಕ್ಕೆ ನಳಿಕೆ ಹಾಕಿಸಿಕೊಂಡವರು ತಮ್ಮ ಡಾಕ್ಟರನ್ನು ಕೇಳದೆ ಇದರ ತಂಟೆಗೆ ಹೋಗಕೂಡದು. ಅಂಥ ನಳಿಕೆಯಿರುವ ರೋಗಿಯ ಹಾಸಿಗೆಯ ಪಕ್ಕ ಯೀಸ್ಟಿನ ಪೊಟ್ಟಣ ಹರಿಯುವುದೂ ಅಪಾಯ. ಹಾರಿದ ಪುಡಿ ಕೈಗಂಟಿ ನಳಿಕೆಯ ಮೂಲಕ ರಕ್ತ ಸೇರಿದ ಪ್ರಕರಣಗಳಿವೆ.

ಡಾಕ್ಟರೇ ಬರೆದುಕೊಟ್ಟಿದ್ದರೂ ತೆಗೆದುಕೊಳ್ಳುವ ರೀತಿ ಮುಖ್ಯ. ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲನ್ನು ಆಂಟಿಬಯಾಟಿಕ್ಕಿನ ಜೊತೆಗೇ ನುಂಗಿದರೆ ಆಂಟಿಬಯಾಟಿಕ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ನಡುವೆ ಎರಡು ತಾಸಾದರೂ ಬಿಡಿ. ಯೀಸ್ಟಿಗೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ, ಆದರೆ ಫಂಗಸ್ ವಿರುದ್ಧದ ಗುಳಿಗೆ ಅದನ್ನು ಮುಗಿಸುತ್ತದೆ. ಬಿಸಿ ಹಾಲಿಗೆ, ಚಹಾಕ್ಕೆ ಬೆರೆಸಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ರಿಜ್ಜಿನಲ್ಲಿಡಿ ಎಂದು ಬರೆದಿರುವ ಪೊಟ್ಟಣ ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ಕಳೆದರೆ ಮನೆಗೆ ಬರುವುದು ಸತ್ತ ಪುಡಿ. ಬೀಜಾಣು ರೂಪದವು ಮಾತ್ರ ಸೆಖೆಯನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತವೆ.

ಲೇಬಲ್ ಓದುವ ಅಭ್ಯಾಸವೂ ಬೇಕು. ಒಂದೇ ಬ್ಯಾಕ್ಟೀರಿಯಾ ಔಷಧವಾಗಿಯೂ ಮಾರಾಟವಾಗುತ್ತದೆ, ಆಹಾರ ಪೂರಕವಾಗಿಯೂ. ಎರಡನೆಯದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇರುತ್ತದೆ, ಔಷಧವಾಗಿ ಬಳಸುವುದಕ್ಕಲ್ಲ ಎಂಬ ಸೂಚನೆಯೂ ಇರುತ್ತದೆ. ಪ್ರಾಧಿಕಾರದ 2016ರ ನಿಯಮ ಕೇಳಿದ್ದು ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಸೂಕ್ಷ್ಮಾಣು. ಪುರಾವೆಯಿರುವ ಪ್ರಮಾಣಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ! ಜೀವಿಯ ಪೂರ್ತಿ ಹೆಸರು ಹಾಕದೆ ಬರೀ "ಒಳ್ಳೆಯ ಬ್ಯಾಕ್ಟೀರಿಯಾ" ಎಂದು ಜಂಬ ಕೊಚ್ಚುವ ಡಬ್ಬಿಯನ್ನು ನಾನಂತೂ ಅಲ್ಲೇ ಇಟ್ಟು ಬರುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ. ನಮ್ಮ ಹೊಟ್ಟೆ ಕೆಡುವುದಾದರೂ ಯಾಕೆ? 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಗಳಿಗೆ ನುಗ್ಗಿದ್ದು ಯಾರೂ ಮರೆತಿಲ್ಲ. ನೆರೆ ನೀರು ಬಾವಿಗೆ, ಬೋರಿಗೆ, ಒಡೆದ ಪೈಪಿಗೆ ಇಳಿದ ಮೇಲೆ ವಾಂತಿಭೇದಿಗೆ ದಾರಿ ತೆರೆದಂತೆಯೇ. ಅಂಥ ಭೇದಿಯಲ್ಲಿ ಜೀವ ತೆಗೆಯುವುದು ಹೊರಹೋಗುವ ನೀರು ಮತ್ತು ಉಪ್ಪು. ಜೀವ ಉಳಿಸುವುದು ಅಳತೆಯ ನೀರಿನಲ್ಲಿ ಕದಡಿದ ಓಆರ್‌ಎಸ್. ದೊಡ್ಡ ಪೊಟ್ಟಣಕ್ಕೆ ಕಾಸಿ ಆರಿಸಿದ ಒಂದು ಲೀಟರ್ ನೀರು, ಅರ್ಧ ಪೊಟ್ಟಣ ಅರ್ಧ ಲೀಟರ್ ಎಂಬ ಅಂದಾಜು ಬೇಡ. ಆರು ತಿಂಗಳು ದಾಟಿದ ಮಕ್ಕಳಿಗೆ ಜೊತೆಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, ಅದಕ್ಕಿಂತ ಚಿಕ್ಕವರಿಗೆ 10, ಭೇದಿ ನಿಂತರೂ 10ರಿಂದ 14 ದಿನ. ಎದೆಹಾಲು ನಿಲ್ಲಿಸಬಾರದು. ಓಆರ್‌ಎಸ್ ಹೆಸರು ಹೊತ್ತ ಸಿಹಿ ಪೇಯಗಳಿಗೆ ಮೋಸ ಹೋಗಬೇಡಿ, ಸೂತ್ರಕ್ಕೆ ಹೊಂದದ ಪೇಯಗಳು ಆ ಹೆಸರು ಹಾಕಿಕೊಳ್ಳುವುದನ್ನು 2025ರ ಅಕ್ಟೋಬರಿನಲ್ಲಿ ಪ್ರಾಧಿಕಾರ ತಡೆಯಿತು. ಮಲದಲ್ಲಿ ರಕ್ತ, ಬಿಡದ ಜ್ವರ, ಕಣ್ಣು ಗುಳಿಬೀಳುವುದು, ಮೂತ್ರ ಕಟ್ಟುವುದು, ಮಗು ಮಂಕಾಗುವುದು ಕಂಡರೆ ಅಂಗಡಿಯಲ್ಲಿ ನಿಲ್ಲದೆ ಸೀದಾ ದವಾಖಾನೆಗೆ ನಡೆಯಿರಿ.

ಕಾಯಿಲೆಯಿಲ್ಲದ ಹೊಟ್ಟೆಗೆ ದಿನಾ ಕ್ಯಾಪ್ಸೂಲು ನುಂಗುವವರಿಗೆ ಒಂದು ಮಾತು. ಒಳಗಿನ 38 ಲಕ್ಷ ಕೋಟಿಗೆ ಬೇಕಾದದ್ದು ಹೊಸ ನೆಂಟರಲ್ಲ, ಮೇವು. ನೂರು ಗ್ರಾಂ ಬಿಳಿಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ರೊಟ್ಟಿಯ ಜೊತೆ ಗುದ್ದಿ ತಿನ್ನುವ ಹಸಿ ಉಳ್ಳಾಗಡ್ಡಿಯಲ್ಲಿ, ಬಳ್ಳೊಳ್ಳಿಯಲ್ಲಿ ನಾವು ಅರಗಿಸಲಾಗದ, ಕರುಳಿನ ಬ್ಯಾಕ್ಟೀರಿಯಾ ಮಾತ್ರ ಮೇಯುವ ಫ್ರಕ್ಟಾನ್ ಎಂಬ ಪದಾರ್ಥವಿದೆ. ಅವು ಅದನ್ನು ಮೇಯ್ದು ಬಿಡುವ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ಹಕ್ಕರಕಿ, ಮೆಂತ್ಯದ ಎಳೆ ಸೊಪ್ಪು, ಹೆಸರುಕಾಳಿನ ಉಸುಳಿ, ಗಟ್ಟಿ ಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ ಇರುವ ತಾಟಿಗಿಂತ ಮೇಲಾದ ಪೂರಕ ನನಗೆ ಗೊತ್ತಿಲ್ಲ.

ಬಹಳ ದಿನದ ಹೊಟ್ಟೆನುಲಿತ, ಉಬ್ಬರಕ್ಕೆ ಡಾಕ್ಟರು ಪ್ರೊಬಯಾಟಿಕ್ ಸೂಚಿಸಿದರೆ ಒಂದೇ ಬಗೆಯದನ್ನು ನಾಲ್ಕು ವಾರ ನೋಡಿ, ಗುಣ ಕಾಣದಿದ್ದರೆ ಅವರಿಗೆ ಹೇಳಿ ನಿಲ್ಲಿಸಿ. ತೆಗೆದುಕೊಂಡ ಮೇಲೆ ಚಳಿಜ್ವರ, ಮೈಮೇಲೆ ಗಂಧೆ ಎದ್ದರೆ ಕೂಡಲೇ ವೈದ್ಯರನ್ನು ಕಾಣಿ. ಔಷಧಗಳ ಅಡ್ಡಪರಿಣಾಮವನ್ನು ದಾಖಲಿಸಲು ಭಾರತೀಯ ಔಷಧ ನಿಗಾ ಕಾರ್ಯಕ್ರಮದ ಶುಲ್ಕರಹಿತ ಸಹಾಯವಾಣಿ ಇದೆ, ಸಂಖ್ಯೆ 1800-180-3024.