ಕರೆಸ್ಮೊ, ಕರೆಜ್ಮ್ ಮತ್ತು ನಮ್ಮ ರಮ್ಜಾನ್

ಎಸ್ಪೆರಾಂಟೊ ಭಾಷೆಯಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲಕ್ಕೆ 'ಕರೆಸ್ಮೊ' ಎನ್ನುತ್ತಾರೆ. ಇದು ಯಾವ ಊರಿನ ಭಾಷೆಯೂ ಅಲ್ಲ. ಜಾಮೆನ್‌ಹಾಫ್ ಎಂಬ ಕಣ್ಣಿನ ಡಾಕ್ಟರು ತಾವೇ ಕಟ್ಟಿ 1887ರಲ್ಲಿ ವಾರ್ಸಾದಲ್ಲಿ ಪ್ರಕಟಿಸಿದ ಭಾಷೆ. ಅವರು ಹುಟ್ಟಿದ ಪಟ್ಟಣದಲ್ಲಿ ಪೋಲಿಷ್, ರಷ್ಯನ್, ಜರ್ಮನ್, ಯಿಡ್ಡಿಷ್ ಎಲ್ಲ ಇದ್ದವು, ಜಗಳವೂ ಇತ್ತು. ಒಂದೇ ಬಸ್ಸಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ, ಉರ್ದು ಕೇಳುವ ಪುತ್ತೂರಿನವರಿಗೆ ಆ ಪಟ್ಟಣವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ಎಸ್ಪೆರಾಂಟೊದಲ್ಲಿ ನಾಮಪದಗಳೆಲ್ಲ 'ಒ'ದಿಂದ ಮುಗಿಯುತ್ತವೆ. ಆ 'ಒ' ತೆಗೆದು, ದರ್ಬೆಯ ಕೊಂಕಣಿ ಕ್ರೈಸ್ತ ಗೆಳೆಯರನ್ನು ಕೇಳಿ. ಅವರು 'ಕರೆಜ್ಮ್' ಎನ್ನುತ್ತಾರೆ! ಒಂದು ಇನ್ನೊಂದರಿಂದ ಬಂದದ್ದಲ್ಲ. ಕೊಂಕಣಿಗೆ ಅದು ಪೋರ್ಚುಗೀಸಿನ 'ಕ್ವರೆಸ್ಮ'ದಿಂದ ಗೋವಾ ದಾರಿಯಾಗಿ ಬಂತು. ಎರಡರ ಬೇರೂ ಲ್ಯಾಟಿನ್ನಿನ 'ಕ್ವಾಡ್ರಾಜೆಸಿಮಾ', ಅಂದರೆ ನಲವತ್ತನೆಯದು. ಏಸು 40 ದಿನ ಉಪವಾಸವಿದ್ದ ನೆನಪು ಅದರಲ್ಲಿದೆ. ಆದರೆ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. ಕಾಮರ್ಸ್‌ನವರಾದ ನಮಗೆ ಲೆಕ್ಕ ಟ್ಯಾಲಿ ಆಗಲೇಬೇಕಲ್ಲ! ನಡುವಿನ 6 ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ.

ಉರ್ದು ಮನೆಗಳಲ್ಲಿ ತೀರಿಹೋದವರ ನಲವತ್ತನೇ ದಿನಕ್ಕೆ 'ಚೆಹ್ಲುಮ್' ಎನ್ನುತ್ತೇವೆ. ಫಾರಸಿಯಲ್ಲಿ 'ಚೆಹೆಲ್' ಎಂದರೆ 40. ಪದದ ಅರ್ಥ ನೋಡಿದರೆ ಕ್ವಾಡ್ರಾಜೆಸಿಮಾ ಮತ್ತು ಚೆಹ್ಲುಮ್ ಒಂದೇ.

ನಮ್ಮ ಉಪವಾಸದ ತಿಂಗಳು ಎಸ್ಪೆರಾಂಟೊದಲ್ಲಿ 'ರಮದಾನೊ'. ಇದರಲ್ಲಿ ಸಂಖ್ಯೆ ಇಲ್ಲ, ಬಿಸಿ ಇದೆ. ಅರಬಿ ಮೂಲಧಾತುವಿಗೆ ಕಾದು ಸುಡುವುದು ಎಂಬ ಅರ್ಥ. ಚಂದ್ರನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಈಗ ಅದು ಜೋರು ಮಳೆಗಾಲದಲ್ಲೂ ಬರುವುದುಂಟು.

"ರಮ್ಜಾನ್ ತಪ್ಪು, ರಮದಾನ್ ಎನ್ನು" ಎಂದು ತಿದ್ದುವವರು ಈಗ ಹೆಚ್ಚಾಗಿದ್ದಾರೆ. ಹಾಗಾದರೆ ನಮ್ಮ ದಾದಿಮಾ ಜೀವಮಾನವಿಡೀ ತಪ್ಪು ಹೇಳಿದರೇ? ಇಲ್ಲ. ಅರಬಿಯ 'ದ್ವಾದ್' ಅಕ್ಷರವನ್ನು ಫಾರಸಿಯವರು 'ಜ಼' ಎಂದರು, ಉರ್ದು ಅದನ್ನೇ ಕಲಿಯಿತು. ಉರ್ದುವಿನಲ್ಲಿ ಬರೆಯುವಾಗ ಇಂದಿಗೂ ಅದೇ ದ್ವಾದ್ ಇದೆ. ನಾವು ಕನ್ನಡದಲ್ಲಿ ಹೇಳುವ 'ದ' ಕೂಡ ಅರಬರ ಆ ಉಚ್ಚಾರವಲ್ಲ, ತಿದ್ದುವವರು ಇದನ್ನೂ ಗಮನಿಸಲಿ.

ಇನ್ನು ಉಪವಾಸಕ್ಕೆ ನಾವು 'ರೋಜಾ' ಎನ್ನುತ್ತೇವೆ, ಫಾರಸಿಯ 'ರೋಜ್' ಅಂದರೆ ದಿನ. ಬ್ಯಾರಿ ಗೆಳೆಯರು 'ನೋಂಬು' ಎನ್ನುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಇದೇ. ಹಳಗನ್ನಡದಲ್ಲಿ ವ್ರತಕ್ಕೆ 'ನೋಂಪಿ' ಎನ್ನುತ್ತಿದ್ದರು, ಜೈನರಲ್ಲಿ ಆ ಪದ ಈಗಲೂ ಇದೆ. ನೋಂಬು ಅದರ ಒಡಹುಟ್ಟು. ಕೇರಳದ ಕ್ರೈಸ್ತರು ತಮ್ಮ ಕರೆಸ್ಮೊ ಕಾಲಕ್ಕೂ ನೋಂಬು ಎಂದೇ ಹೇಳುತ್ತಾರೆ.