ಸ್ಟೀರಿಂಗ್ ಲಾಕ್ ನಿಜಕ್ಕೂ ಕಾರು ಕಳವು ತಡೆಯುತ್ತದೆಯೇ?

ಕಾರಿಗೆ ಹಾಕುವ ಯಾವ ಬೀಗವೂ ಮುರಿಯಲಾರದ್ದಲ್ಲ. ಸಮಯ, ಸಲಕರಣೆ ಮತ್ತು ಯಾರೂ ಇಲ್ಲದ ಜಾಗ ಸಿಕ್ಕರೆ ಎಲ್ಲವೂ ಮುರಿಯುತ್ತವೆ. ಹಾಗಾಗಿ ಬೀಗದ ಬೆಲೆ ಇರುವುದು ಅದು ಕಳ್ಳನ ಎಷ್ಟು ನಿಮಿಷ ತಿನ್ನುತ್ತದೆ, ಎಷ್ಟು ಸದ್ದು ಮಾಡಿಸುತ್ತದೆ, ಎಷ್ಟು ಕಳ್ಳರನ್ನು ಮೊದಲ ನೋಟದಲ್ಲೇ ಸಾಗಹಾಕುತ್ತದೆ ಎಂಬುದರಲ್ಲಿ. ಈ ಲೆಕ್ಕ ಊಹೆಗೆ ಬಿಟ್ಟದ್ದೂ ಅಲ್ಲ. ಬೇರೆ ಬೇರೆ ದೇಶಗಳು ಬೇರೆ ಬೇರೆ ಕಾಲದಲ್ಲಿ ಒಂದೊಂದು ಬೀಗವನ್ನು ಕಡ್ಡಾಯ ಮಾಡಿವೆ. ಅದಕ್ಕೆ ಮುಂಚೆ ಎಷ್ಟು ಕಾರು ಕಳುವಾಗುತ್ತಿದ್ದವು, ಆಮೇಲೆ ಎಷ್ಟು ಎಂಬ ದಾಖಲೆ ಅರವತ್ತು ವರ್ಷಗಳಿಂದ ಸಿಗುತ್ತದೆ. ಆ ದಾಖಲೆಯನ್ನು ಓದುತ್ತ ಹೋದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಒಬ್ಬರ ಕಾರನ್ನು ಉಳಿಸುವ ಬೀಗ ಊರಿನ ಕಳ್ಳತನವನ್ನು ಕಡಿಮೆ ಮಾಡಲೇಬೇಕೆಂದಿಲ್ಲ.

ಕಾರು ಕದಿಯುವವರೆಲ್ಲ ಒಂದೇ ಬಗೆಯವರಲ್ಲ. ಒಂದು ರಾತ್ರಿ ಓಡಿಸಿ ಎಲ್ಲೋ ಬಿಟ್ಟುಹೋಗುವ ಹುಡುಗರಿದ್ದಾರೆ. ಇನ್ನೊಂದು ಅಪರಾಧಕ್ಕೆ ಬಳಸಲು ಕೈಗೆ ಸಿಕ್ಕಿದ್ದನ್ನು ಎತ್ತುವವರಿದ್ದಾರೆ. ಬೇಕಾದ ಮಾಡೆಲ್ ಹುಡುಕಿ, ಎಂಜಿನ್ ಮತ್ತು ಚಾಸಿ ನಂಬರ್ ತಿದ್ದಿ ಮಾರುವ, ಇಲ್ಲವೇ ಬಿಡಿಭಾಗಗಳಾಗಿ ಕಳಚಿ ಗುಜರಿಗೆ ಹಾಕುವ ತಂಡಗಳಿವೆ. ಮೊದಲ ಇಬ್ಬರು ಅವಕಾಶ ಸಿಕ್ಕರೆ ಕದಿಯುವವರು. ಮೂರನೆಯವರು ಅವಕಾಶ ಮಾಡಿಕೊಂಡು ಕದಿಯುವವರು. ಹೊರಗೆ ಕಾಣುವ ಬೀಗ ಕೆಲಸ ಮಾಡುವುದು ಹೆಚ್ಚಾಗಿ ಮೊದಲ ಇಬ್ಬರ ಮೇಲೆ.

ಕೀಲಿ ತೆಗೆದೊಡನೆ ಸ್ಟೀರಿಂಗ್ ತಾನೇ ಸಿಕ್ಕಿಕೊಳ್ಳುವ ಲಾಕ್ ಇಂದು ಹೆಚ್ಚಿನ ಕಾರುಗಳಲ್ಲಿ ಇರುವುದರಿಂದ ಅದನ್ನು ಯಾರೂ ಸಾಧನವೆಂದು ಗಮನಿಸುವುದೇ ಇಲ್ಲ. ಅದರ ಪರಿಣಾಮ ಮೊದಲು ಕಂಡದ್ದು ಪಶ್ಚಿಮ ಜರ್ಮನಿಯಲ್ಲಿ. 1960ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರ ಹೊಸ ಕಾರು, ಹಳೆ ಕಾರು ಎನ್ನದೆ ಎಲ್ಲಕ್ಕೂ ಈ ಲಾಕ್ ಹಾಕಿಸಬೇಕೆಂದು ಆಜ್ಞೆ ಮಾಡಿತು. ಕಳವು ಗಣನೀಯವಾಗಿ ಇಳಿಯಿತು, ಮತ್ತೆ ಮೇಲೇರದೆ ವರ್ಷಗಟ್ಟಲೆ ಕೆಳಗೇ ಉಳಿಯಿತು. ಬ್ರಿಟನ್ ಅದೇ ಲಾಕನ್ನು 1971ರಿಂದ ಹೊಸ ಕಾರುಗಳಿಗೆ ಮಾತ್ರ ತಂದಿತು. ಲಂಡನ್ನಿನಲ್ಲಿ ಕಳುವಾಗುವ ವಾಹನಗಳ ಪೈಕಿ ಹೊಸ ಕಾರುಗಳ ಪಾಲು 1969ರಲ್ಲಿ ಸುಮಾರು ಐದರಲ್ಲೊಂದು ಇದ್ದದ್ದು 1973ರ ಹೊತ್ತಿಗೆ ಇಪ್ಪತ್ತರಲ್ಲೊಂದಕ್ಕೆ ಬಂತು. ಆದರೆ ಲಾಕ್ ಇಲ್ಲದ ಹಳೆ ಕಾರುಗಳ ಕಳವು ಹೆಚ್ಚಿತು. ಎರಡೂ ದೇಶಗಳ ಬೀಗ ಒಂದೇ. ಒಂದು ಕಡೆ ಎಲ್ಲ ಬಾಗಿಲೂ ಒಟ್ಟಿಗೆ ಮುಚ್ಚಿದವು, ಇನ್ನೊಂದು ಕಡೆ ಅರ್ಧ ತೆರೆದೇ ಉಳಿದವು.

ಕಳ್ಳ ಹಾಗೆ ಗುರಿ ಬದಲಿಸುವುದು ಕೂಡ ಅನಿವಾರ್ಯವೇನಲ್ಲ. ಜರ್ಮನಿಯದೇ ಇನ್ನೊಂದು ಅನುಭವ ಇದಕ್ಕೆ ಸಾಕ್ಷಿ. ಬೈಕ್ ಸವಾರರಿಗೆ ಹೆಲ್ಮೆಟ್ ಅಲ್ಲಿ ಮೊದಲೇ ಕಡ್ಡಾಯವಾಗಿತ್ತು. ಹಾಕದವರಿಗೆ ದಂಡ ವಿಧಿಸಲು ಶುರುಮಾಡಿದ್ದು 1980ರಲ್ಲಿ. ಆ ವರ್ಷ ಸುಮಾರು 1.5 ಲಕ್ಷ ಇದ್ದ ಬೈಕ್ ಕಳವು 1986ಕ್ಕೆ ಅದರ ಮೂರನೇ ಒಂದು ಭಾಗದಷ್ಟಕ್ಕೆ ಬಂತು. ಬೀದಿಯಲ್ಲಿ ಕಂಡ ಬೈಕನ್ನು ಥಟ್ಟನೆ ಎತ್ತಬೇಕೆನ್ನುವವನ ಕೈಯಲ್ಲಿ ಹೆಲ್ಮೆಟ್ ಇರುವುದಿಲ್ಲ; ಬರಿತಲೆಯಲ್ಲಿ ಹೊರಟರೆ ಪೊಲೀಸರು ಹಿಡಿಯುತ್ತಾರೆ. ಬೈಕ್ ಬಿಟ್ಟ ಆ ಕಳ್ಳರೆಲ್ಲ ಕಾರಿನ ಕಡೆಗೆ ತಿರುಗಲೂ ಇಲ್ಲ. ಕಳ್ಳತನ ತಡೆಯುವ ಉದ್ದೇಶದಿಂದ ಮಾಡದ ಒಂದು ನಿಯಮ ಅಷ್ಟೊಂದು ಬೈಕುಗಳನ್ನು ಉಳಿಸಿತು. ಅಪರಾಧಶಾಸ್ತ್ರದಲ್ಲಿ ಇದಕ್ಕಿಂತ ಭರವಸೆ ಕೊಡುವ ಉದಾಹರಣೆ ಅಪರೂಪ.

ಈಗ ಮಾಲೀಕರೇ ಕೊಂಡು ಹಾಕುವ ಬೀಗಗಳ ವಿಷಯ. ಸ್ಟೀರಿಂಗಿಗೆ ಅಡ್ಡವಾಗಿ ಸಿಕ್ಕಿಸುವ ಉಕ್ಕಿನ ಸಲಾಕೆಯನ್ನು 1980ರ ದಶಕದಲ್ಲಿ ‘ದಿ ಕ್ಲಬ್’ ಹೆಸರಿನಲ್ಲಿ ಮಾರಿ ಜನಪ್ರಿಯಗೊಳಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾದ ಜೇಮ್ಸ್ ವಿನ್ನರ್. ಸಲಾಕೆ ಗಟ್ಟಿಯೇ. ಅದು ಸಿಕ್ಕಿಕೊಳ್ಳುವ ಸ್ಟೀರಿಂಗ್ ಚಕ್ರ ಮಾತ್ರ ತೆಳು ಲೋಹದ ಬಳೆಗೆ ಮೆತ್ತನೆಯ ಹೊದಿಕೆ ಹಾಕಿದ್ದು. ಪಳಗಿದ ಕಳ್ಳ ಬೀಗದ ತಂಟೆಗೇ ಹೋಗುವುದಿಲ್ಲ; ಚಕ್ರವನ್ನೇ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ಬಗ್ಗಿಸಿ, ಸಲಾಕೆಯನ್ನು ಇಡಿಯಾಗಿ ಹೊರಗೆಳೆಯುತ್ತಾನೆ. ಇಡೀ ಚಕ್ರವನ್ನು ತಟ್ಟೆಯಂತೆ ಮುಚ್ಚುವ ಲಾಕುಗಳು ಈ ಕಾರಣಕ್ಕೆ ಮೇಲು. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಗೇರ್ ಲಾಕ್ ಗೇರನ್ನು ರಿವರ್ಸಿನಲ್ಲಿ ಹಿಡಿದಿಡುತ್ತದೆ. ಅದನ್ನು ಕಾರಿನ ನೆಲಕ್ಕೇ ಬೋಲ್ಟ್ ಹಾಕಿ ಕೂರಿಸುವುದರಿಂದ ಕತ್ತರಿಸಲು ಕೈಯಾಡುವ ಜಾಗ ಕಡಿಮೆ. ಸಲಾಕೆಗಿಂತ ಇದು ಒಂದು ಕೈ ಮೇಲೆಂದೇ ಹೇಳಬಹುದು. ಕಾರಿನ ಗಾಲಿಗೆ ಹೊರಗಿನಿಂದ ಬಿಗಿಯುವ ಕ್ಲ್ಯಾಂಪ್ ಎಲ್ಲಕ್ಕಿಂತ ಬಲವಾದದ್ದು, ಆದರೆ ದಿನಕ್ಕೆರಡು ಸಲ ಬಗ್ಗಿ ಹಾಕಿ ತೆಗೆಯುವ ತಾಳ್ಮೆ ಬಹಳ ಜನರಿಗೆ ಇರುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸಿಹೋಗುವ ಕಾರಿಗೆ ಅದು ಸರಿ. ಟ್ರಕ್ಕಿನ ಮೇಲೆ ಕಾರನ್ನೇ ಎತ್ತಿಟ್ಟು ಒಯ್ಯುವ ತಂಡದ ಮುಂದೆ ಇವ್ಯಾವುವೂ ನಿಲ್ಲುವುದಿಲ್ಲ.

ಅಲಾರಮ್ಮಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೆಕ್ಕು ಹಾರಿದರೂ, ಲಾರಿ ಹಾದರೂ ಕೂಗುವ ಯಂತ್ರದ ಕೂಗಿಗೆ ಯಾರೂ ಕಿಟಕಿ ತೆರೆದು ನೋಡುವುದಿಲ್ಲ. ಅದೊಂದನ್ನೇ ನಂಬಿ ಕೂರುವುದು ತಪ್ಪು.

ಕಾಣುವ ಬೀಗಕ್ಕೂ ಕಾಣದ ಸಾಧನಕ್ಕೂ ಇರುವ ವ್ಯತ್ಯಾಸವನ್ನು ಚೆನ್ನಾಗಿ ತೋರಿಸಿಕೊಟ್ಟವರು ಸಂಶೋಧಕರಾದ ಇಯಾನ್ ಏರ್ಸ್ ಮತ್ತು ಸ್ಟೀವನ್ ಲೆವಿಟ್. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದ ವಸ್ತು ಲೋಜ್ಯಾಕ್. ಕಾರಿನೊಳಗೆ ಎಲ್ಲೋ ಅಡಗಿಸಿಡುವ ಸಣ್ಣ ರೇಡಿಯೊ ಪ್ರಸಾರಕ ಅದು. 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಳಕೆಗೆ ಬಂತು. ಕಾರು ಕಳುವಾದ ದೂರು ಬಂದೊಡನೆ ಅದು ಸಂಕೇತ ಕೊಡುತ್ತದೆ, ಪೊಲೀಸ್ ವಾಹನಗಳು ಅದನ್ನು ಹಿಂಬಾಲಿಸುತ್ತವೆ. ಯಾವ ಕಾರಿನಲ್ಲಿ ಅದಿದೆ, ಯಾವುದರಲ್ಲಿ ಇಲ್ಲ ಎಂದು ಹೊರಗಿನಿಂದ ತಿಳಿಯುವಂತಿಲ್ಲ. ಹೀಗಾಗಿ ಕಳ್ಳನಿಗೆ ಎಲ್ಲ ಕಾರುಗಳೂ ಅಪಾಯದವೇ ಆದವು. ದೊಡ್ಡ ನಗರಗಳಲ್ಲಿ ಲೋಜ್ಯಾಕ್ ಹಾಕಿದ ಕಾರುಗಳ ಪಾಲು ಒಂದು ಶೇಕಡಾವಾರು ಅಂಶದಷ್ಟು ಏರಿದರೆ ಒಟ್ಟು ಕಳವು ಶೇ 20ರಷ್ಟು ಇಳಿಯುತ್ತದೆ ಎಂದು ಅವರು ಕಂಡರು. ಕದ್ದ ಕಾರುಗಳನ್ನು ಕಳಚುವ ಅಡ್ಡೆಗಳೂ ಸಂಕೇತದ ಜಾಡಿನಲ್ಲಿ ಸಿಕ್ಕಿಬೀಳುತ್ತಿದ್ದವು. ದುಡ್ಡು ಕೊಟ್ಟು ಹಾಕಿಸಿದವರಿಗೆ ದಕ್ಕುತ್ತಿದ್ದದ್ದು ಒಟ್ಟು ಲಾಭದ ಹತ್ತರಲ್ಲೊಂದಕ್ಕಿಂತ ಕಡಿಮೆ, ಉಳಿದದ್ದೆಲ್ಲ ನೆರೆಹೊರೆಗೆ. ಸ್ಟೀರಿಂಗ್ ಸಲಾಕೆ ಇದಕ್ಕೆ ತದ್ವಿರುದ್ಧ. ಅದು ಕಳ್ಳನಿಗೆ ಪಕ್ಕದ ಕಾರನ್ನು ತೋರಿಸಿಕೊಡುತ್ತದೆ.

ಬೀಗಗಳ ಚರಿತ್ರೆಯಲ್ಲಿ ನಿಜವಾದ ತಿರುವು ತಂದದ್ದು ಇಮೊಬಿಲೈಸರ್. ಕೀಲಿಯ ತಲೆಯೊಳಗೆ ಒಂದು ಚಿಪ್, ಕೀಲಿ ತೂರಿಸುವ ಕಡೆ ಒಂದು ತಂತಿಯ ಸುರುಳಿ. ಚಿಪ್ ಕೊಡುವ ಸಂಕೇತ ಎಂಜಿನ್ನಿನ ಕಂಪ್ಯೂಟರಿಗೆ ಒಪ್ಪಿಗೆಯಾದರೆ ಮಾತ್ರ ಕಾರು ಸ್ಟಾರ್ಟ್ ಆಗಿ ಓಡುತ್ತದೆ. ತಂತಿ ಎಳೆದು ಜೋಡಿಸಿ, ಸ್ಕ್ರೂಡ್ರೈವರ್ ತಿರುಗಿಸಿ ಕಾರು ಸ್ಟಾರ್ಟ್ ಮಾಡುವ ಹಳೆಯ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಯುರೋಪಿಯನ್ ಒಕ್ಕೂಟ 1998ರಿಂದ, ಆಸ್ಟ್ರೇಲಿಯಾ 2001ರಿಂದ, ಕೆನಡಾ 2007ರಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದವು. ನೆದರ್ಲೆಂಡ್ಸಿನ ದಾಖಲೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಇಮೊಬಿಲೈಸರ್ ಇರುವ ಕಾರು ಕಳುವಾಗುವ ಸಂಭವ ಸರಾಸರಿ ಅರ್ಧದಷ್ಟು ಕಡಿಮೆ ಎಂದು ಲೆಕ್ಕಹಾಕಿದರು.

ಅಮೆರಿಕ ಕಡ್ಡಾಯ ಮಾಡಲಿಲ್ಲ. ಹೆಚ್ಚಿನ ಕಂಪನಿಗಳು ತಾವಾಗಿಯೇ ಅಳವಡಿಸಿದವು; 2015ರ ಮಾಡೆಲುಗಳಲ್ಲಿ ಇತರ ಕಂಪನಿಗಳ ಶೇ 96 ಕಾರುಗಳಲ್ಲಿ ಅದು ಇದ್ದರೆ ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಇದ್ದದ್ದು ಶೇ 26ರಲ್ಲಿ ಮಾತ್ರ. ಮಿಲ್ವಾಕಿ ನಗರದ ಹುಡುಗರು ಇದನ್ನು ಕಂಡುಕೊಂಡರು. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಫೋನ್ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲ್ಲಿನ ತುದಿಯಿಂದ ತಿರುಗಿಸಿದರೆ ಕಾರು ಹೊರಡುತ್ತಿತ್ತು. 2022ರಲ್ಲಿ ಈ ವಿಡಿಯೊಗಳು ಟಿಕ್‌ಟಾಕ್‌ನಲ್ಲಿ ದೇಶವೆಲ್ಲ ಹರಡಿದವು. ಈ ಕಳವುಗಳಿಗೆ ಸಂಬಂಧಿಸಿದ ಅಪಘಾತಗಳಲ್ಲಿ 8 ಜನ ಸತ್ತರೆಂದು ಅಮೆರಿಕದ ಹೆದ್ದಾರಿ ಸುರಕ್ಷಾ ಸಂಸ್ಥೆ 2023ರ ಫೆಬ್ರುವರಿಯಲ್ಲಿ ತಿಳಿಸಿತು. ಕಂಪನಿಗಳು ಸುಮಾರು 83 ಲಕ್ಷ ಕಾರುಗಳಿಗೆ ಪರಿಹಾರ ಒದಗಿಸಬೇಕಾಯಿತು: ಕೆಲವಕ್ಕೆ ಹೊಸ ಸಾಫ್ಟ್‌ವೇರ್, ಅದು ಹೊಂದದ ಕಾರುಗಳಿಗೆ ಪೊಲೀಸರ ಮೂಲಕ ಉಚಿತ ಸ್ಟೀರಿಂಗ್ ಲಾಕ್. ಸಾಫ್ಟ್‌ವೇರ್ ಹಾಕಿಸಿದ ಕಾರುಗಳ ಕಳವಿನ ವಿಮಾ ಅರ್ಜಿಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಗಾಜು ಒಡೆಯುವುದು ಮಾತ್ರ ನಿಲ್ಲಲಿಲ್ಲ. ಒಳಗಿನ ಸಾಫ್ಟ್‌ವೇರ್ ಹೊರಗಿನವನಿಗೆ ಕಾಣುವುದಿಲ್ಲವಲ್ಲ. ಇಂಥ ಕಡೆ ಕಣ್ಣಿಗೆ ಕಾಣುವ ಸಲಾಕೆಯಿಂದ ನಿಜವಾದ ಪ್ರಯೋಜನವಿದೆ. ಗಡಿಯಾಚೆ ಕೆನಡಾದಲ್ಲಿ ಇವೇ ಕಂಪನಿಗಳ ಕಾರುಗಳಲ್ಲಿ ಕಾನೂನಿನ ಪ್ರಕಾರ ಇಮೊಬಿಲೈಸರ್ ಇತ್ತು, ಅಲ್ಲಿ ಈ ಹಾವಳಿ ಹಬ್ಬಲಿಲ್ಲ. ಪ್ರತಿ ಕಾರಿಗೆ ಅಷ್ಟೇನೂ ದುಬಾರಿಯಲ್ಲದ ಒಂದು ಭಾಗವನ್ನು ಬಿಟ್ಟದ್ದಕ್ಕೆ ಜೀವಗಳೇ ಹೋದದ್ದು ಅಕ್ಷಮ್ಯ.

ಇಮೊಬಿಲೈಸರ್ ಕೂಡ ಕೊನೆಯ ಉತ್ತರವಲ್ಲ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಕಾರು ಕಳಿಸುವ ಸಂಕೇತಕ್ಕೆ ಹತ್ತಿರವಿರುವ ಕೀಲಿ ತಾನಾಗಿಯೇ ಉತ್ತರ ಕೊಡುತ್ತದೆ. ಒಬ್ಬ ಮನೆಯ ಗೋಡೆಯ ಪಕ್ಕ ಒಂದು ಸಾಧನ ಹಿಡಿದು ಒಳಗಿರುವ ಕೀಲಿಯ ಸಂಕೇತ ಹಿಡಿಯುತ್ತಾನೆ, ಇನ್ನೊಬ್ಬ ಕಾರಿನ ಬಳಿ ಅದನ್ನು ಮರುಪ್ರಸಾರ ಮಾಡುತ್ತಾನೆ. ಕೀಲಿ ಹತ್ತಿರವೇ ಇದೆಯೆಂದು ಕಾರು ನಂಬುತ್ತದೆ. ಜರ್ಮನಿಯ ವಾಹನ ಸಂಘ ಎಡಿಎಸಿ 2016ರಿಂದ ನೂರಾರು ಮಾಡೆಲುಗಳನ್ನು ಪರೀಕ್ಷಿಸಿದಾಗ ಬಹುಪಾಲು ಹೀಗೆ ತೆರೆದುಕೊಂಡವು. ಹೆಡ್‌ಲೈಟಿನ ಹಿಂದಿನ ತಂತಿಗಳ ಮೂಲಕ ಕಾರಿನ ಒಳಜಾಲಕ್ಕೇ ಸುಳ್ಳು ಸಂದೇಶ ಕಳಿಸುವ ವಿಧಾನ 2023ರಲ್ಲಿ ಬಯಲಾಯಿತು. ಕಾರಿನ ಎಲೆಕ್ಟ್ರಾನಿಕ್ ಬಾಗಿಲನ್ನು ಹೀಗೆ ಸದ್ದಿಲ್ಲದೆ ತೆರೆದವನಿಗೆ ಸ್ಟೀರಿಂಗ್ ಮೇಲಿನ ಕಬ್ಬಿಣ ನಿಜವಾದ ತಡೆ, ಏಕೆಂದರೆ ಅದನ್ನು ಕೊಯ್ಯಲು ಸದ್ದು ಮಾಡಲೇಬೇಕು. ಬ್ರಿಟನ್ನಿನ ಪೊಲೀಸರು ಈಗ ಸ್ಟೀರಿಂಗ್ ಲಾಕನ್ನು ಮತ್ತೆ ಶಿಫಾರಸು ಮಾಡುತ್ತಿರುವುದು ಇದಕ್ಕೇ. ಕೀಲಿಯನ್ನು ಸಂಕೇತ ಹೊರಬಿಡದ ಚೀಲದಲ್ಲಿಡುವುದೂ ಇಂಥ ಕಾರಿನವರಿಗೆ ಅಗತ್ಯ.

ಭಾರತದಲ್ಲಿ ಕಾರು ಕಳವಿಗೆ ಹೆಸರಾದದ್ದು ದೆಹಲಿ. ಬೆಂಗಳೂರು ಸೇರಿ ಕರ್ನಾಟಕದಲ್ಲಿ ಕಳುವಾಗುವ ವಾಹನಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು; ‘ಹ್ಯಾಂಡಲ್ ಲಾಕ್ ಮುರಿದು ಬೈಕ್ ಕಳವು’ ಎಂಬ ಸುದ್ದಿಯನ್ನು ಓದದ ಪತ್ರಿಕಾ ಓದುಗರಿಲ್ಲ. ಬಲವಾಗಿ ಒದ್ದರೆ ಮುರಿಯುವ ಹ್ಯಾಂಡಲ್ ಲಾಕನ್ನು ಬೀಗವೆಂದು ಕರೆಯುವುದೇ ಕಷ್ಟ. ಡಿಸ್ಕ್ ಲಾಕ್, ಇಲ್ಲವೇ ಚಕ್ರವನ್ನು ಕಂಬಕ್ಕೋ ಗೇಟಿಗೋ ಬಿಗಿಯುವ ದಪ್ಪ ಸರಪಳಿ ಇದಕ್ಕಿಂತ ಎಷ್ಟೋ ವಾಸಿ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ನೋಂದಣಿ ಫಲಕ ಕಳವನ್ನು ನೇರವಾಗಿ ತಡೆಯುವುದಿಲ್ಲ, ಆದರೆ ಲೇಸರ್ ಗುರುತು ಮತ್ತು ಬಿಚ್ಚಿದರೆ ಮುರಿಯುವ ಲಾಕ್ ಇರುವುದರಿಂದ ಕದ್ದ ವಾಹನಕ್ಕೆ ಬೇರೆ ನಂಬರ್ ಹಾಕಿ ಓಡಿಸುವುದನ್ನು ಕಷ್ಟವಾಗಿಸುತ್ತದೆ. ಪುಣೆಯ ಎಆರ್‌ಎಐ ಮಾನ್ಯ ಮಾಡಿದ ಕಳವು ನಿರೋಧಕ ಸಾಧನ ಹಾಕಿಸಿದವರಿಗೆ ಹಳೆಯ ವಿಮಾ ದರಪಟ್ಟಿ ಕೊಡುತ್ತಿದ್ದ ರಿಯಾಯಿತಿ ಸ್ವಂತ ಹಾನಿ ಪ್ರೀಮಿಯಮ್ಮಿನ ಶೇ 2.5, ಅದೂ 500 ರೂಪಾಯಿ ಮೀರದಂತೆ. ಊರಿಗೆಲ್ಲ ಉಪಕಾರವಾಗುವ ಸಾಧನಕ್ಕೆ ಈ ಮೊತ್ತ ತೀರ ಕಡಿಮೆ.

ಕಾರಿನ ಮಾಲೀಕರು ಇಮೊಬಿಲೈಸರ್ ಇರುವ ಕಾರಿಗೆ ಗೇರ್ ಲಾಕ್ ಒಂದನ್ನು ಸೇರಿಸಿ, ಎರಡನೇ ಕೀಲಿ ಮನೆಯಲ್ಲೇ ಇದೆಯೆಂದು ಆಗಾಗ ಖಚಿತ ಮಾಡಿಕೊಂಡು, ಬೆಳಕಿರುವ, ಜನ ಓಡಾಡುವ ಕಡೆ ನಿಲ್ಲಿಸಿದರೆ ತಮ್ಮ ಕೈಲಾದದ್ದನ್ನು ಮಾಡಿದಂತೆ. ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ಕಳುವಾದ ವಾಹನಕ್ಕೆ ಬಿಡಿಗಾಸೂ ಬರುವುದಿಲ್ಲ ಎಂಬುದು ನೆನಪಿರಲಿ. ಬೈಕ್ ಸವಾರರ ಪಾಡು ಬೇರೆ. ಕಡಿಮೆ ಬೆಲೆಯ ಹೆಚ್ಚಿನ ಬೈಕುಗಳಲ್ಲಿ ಇಂದಿಗೂ ಇರುವುದು ಬರಿಯ ಲೋಹದ ಕೀಲಿ, ಮತ್ತು ಅವುಗಳ ಮಾಲೀಕರಿಗೆ ಬೈಕೇ ದುಡಿಮೆಯ ದಾರಿ. ಕಾರುಗಳ ವಿಷಯದಲ್ಲಿ ಯುರೋಪು ಮತ್ತು ಕೆನಡಾ ಮಾಡಿದ್ದನ್ನು ಭಾರತ ಸರ್ಕಾರ ಬೈಕು, ಸ್ಕೂಟರುಗಳ ವಿಷಯದಲ್ಲಿ ಮಾಡಬೇಕು: ಕಾರ್ಖಾನೆಯಿಂದ ಹೊರಬರುವ ಪ್ರತಿಯೊಂದರಲ್ಲೂ ಇಮೊಬಿಲೈಸರ್ ಕಡ್ಡಾಯವಾಗಬೇಕು.