ಒಂದೇ ಡಿಸ್ಟ್ರಿಕ್ಟ್, ಐದು ಹೈಸ್ಕೂಲು

ಅಮೆರಿಕದಲ್ಲಿ ಸಾರ್ವಜನಿಕ ಶಾಲೆಗಳ ದಿನನಿತ್ಯದ ಆಡಳಿತ ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆಯ ಕೈಯಲ್ಲಿರುತ್ತದೆ. ನಮ್ಮ ಜಿಲ್ಲೆಯಷ್ಟು ದೊಡ್ಡದಿರಬೇಕೆಂದಿಲ್ಲ. ಎಷ್ಟೋ ಡಿಸ್ಟ್ರಿಕ್ಟ್‌ಗಳು ಒಂದೆರಡು ಊರಿಗೇ ಮುಗಿಯುತ್ತವೆ. ಊರಿನವರು ಮತ ಹಾಕಿ ಆರಿಸಿದ ಮಂಡಳಿಯೊಂದು ಶಿಕ್ಷಕರ ನೇಮಕ, ಸಂಬಳ, ಖರ್ಚುವೆಚ್ಚಗಳನ್ನು ನೋಡಿಕೊಳ್ಳುತ್ತದೆ. ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಹೋಗಬೇಕೆಂಬ ಸರಹದ್ದನ್ನು ಗೊತ್ತುಮಾಡುವುದೂ ಅದೇ ಮಂಡಳಿ.

ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯಲ್ಲಿರುವ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್ ಅಂಥದ್ದೊಂದು. ಕೊಲ್ಲಿಯಾಚೆಯ ಫ್ರೀಮಾಂಟ್ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಕ್ಯುಪರ್ಟಿನೊ, ಸನ್ನಿವೇಲ್ ಮತ್ತು ಸ್ಯಾನ್ ಹೊಸೆಯ ಪಶ್ಚಿಮ ಭಾಗದ ಮಕ್ಕಳಿಗೆ 9ರಿಂದ 12ನೇ ತರಗತಿವರೆಗಿನ ಶಿಕ್ಷಣ ಕೊಡುತ್ತದೆ. ಕ್ಯುಪರ್ಟಿನೊ, ಫ್ರೀಮಾಂಟ್, ಹೋಮ್‌ಸ್ಟೆಡ್, ಲಿನ್‌ಬ್ರೂಕ್, ಮಾಂಟಾ ವಿಸ್ಟಾ ಎಂಬ ಐದು ಹೈಸ್ಕೂಲುಗಳು ಇದರಲ್ಲಿವೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರ ಮನೆಗಳು ಈ ಭಾಗದಲ್ಲಿ ಸಾಕಷ್ಟಿವೆ. ಮಗು ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ಅಲ್ಲಿನ ತಂದೆತಾಯಂದಿರ ಮಾತು ಯಾವ ಹೈಸ್ಕೂಲು, ಯಾವ ಬೀದಿ ಎನ್ನುವಲ್ಲಿಗೇ ಬಂದು ನಿಲ್ಲುತ್ತದೆ.

ಹೋಲಿಕೆಗೆ ಈ ಐದು ಶಾಲೆಗಳು ಬಹಳ ಅನುಕೂಲ. ಮಂಡಳಿ ಒಂದೇ, ಶಿಕ್ಷಕರ ವೇತನ ಶ್ರೇಣಿ ಒಂದೇ, ಹಣದ ಮೂಲವೂ ಒಂದೇ. ಮನೆ ಬೆಲೆ ಏರಿರುವ ಪ್ರದೇಶವಾದ್ದರಿಂದ ಡಿಸ್ಟ್ರಿಕ್ಟ್ ಬಹುಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದಲೇ ನಡೆಯುತ್ತದೆ. ಅಷ್ಟಾಗಿಯೂ ಪರೀಕ್ಷೆಯ ಅಂಕದಲ್ಲಿ ಲಿನ್‌ಬ್ರೂಕ್ ಮತ್ತು ಮಾಂಟಾ ವಿಸ್ಟಾ ವರ್ಷಗಳಿಂದ ಮೇಲಿವೆ, ಸನ್ನಿವೇಲ್‌ನಲ್ಲಿರುವ ಫ್ರೀಮಾಂಟ್ ಹೈಸ್ಕೂಲು ಕೆಳಗಿದೆ. ಆಡಳಿತವೂ ಹಣವೂ ಒಂದೇ ಆಗಿರುವಾಗ ಈ ಅಂತರದ ದೊಡ್ಡ ಪಾಲನ್ನು ಶಾಲೆಯ ಗೇಟಿನ ಹೊರಗೆ, ಮಕ್ಕಳು ಬರುವ ಮನೆಗಳಲ್ಲಿ ಹುಡುಕಬೇಕಾಗುತ್ತದೆ. ಲಿನ್‌ಬ್ರೂಕ್‌ಗೆ ಬರುವವರಲ್ಲಿ ಎಂಜಿನಿಯರುಗಳ ಮಕ್ಕಳು ಸಾಕಷ್ಟಿದ್ದಾರೆ. ಫ್ರೀಮಾಂಟ್‌ನಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವ, ಶಾಲೆಗೆ ಬಂದ ಮೇಲೆ ಇಂಗ್ಲಿಷ್ ಕಲಿತ, ಕಡಿಮೆ ಆದಾಯದ ಕುಟುಂಬಗಳ ಮಕ್ಕಳ ಪಾಲು ಉಳಿದ ನಾಲ್ಕಕ್ಕಿಂತ ಹೆಚ್ಚು.

ಮನೆಯ ಪ್ರಭಾವ ಇಷ್ಟು ದೊಡ್ಡದೆಂಬುದು ಹೊಸ ಸಂಗತಿಯಲ್ಲ. 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ತಂಡ ದೇಶದಾದ್ಯಂತ ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಕಲೆಹಾಕಿ ವರದಿ ಕೊಟ್ಟಿತು. ಮಕ್ಕಳ ಅಂಕಗಳ ಏರುಪೇರಿಗೆ ಶಾಲೆಯ ಕಟ್ಟಡ, ಪುಸ್ತಕ, ಖರ್ಚಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚಿನ ಕಾರಣ ಎಂದು ಅದು ಹೇಳಿತು. ಶಾಲೆಯಿಂದ ಏನೂ ಆಗದು ಎಂದು ಇದನ್ನು ಓದಿಕೊಂಡವರೂ ಇದ್ದಾರೆ, ಅದು ತಪ್ಪು. ಸರಾಸರಿ ಅಂಕವೊಂದನ್ನೇ ನೋಡಿ ಶಾಲೆಯ ಬೋಧನೆಯನ್ನು ಅಳೆಯಲಾಗದು ಎಂಬುದಷ್ಟೇ ಅದರಿಂದ ಸಿಗುವ ಪಾಠ.

ಹಾಗಿದ್ದರೂ ಜನ ಆ ಸರಾಸರಿಗೇ ದುಡ್ಡು ಸುರಿಯುತ್ತಾರೆ. ಅರ್ಥಶಾಸ್ತ್ರಜ್ಞೆ ಸಾಂಡ್ರಾ ಬ್ಲ್ಯಾಕ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಪ್ರಾಥಮಿಕ ಶಾಲೆಗಳ ಸರಹದ್ದಿನ ಈಚೆ-ಆಚೆ ಇರುವ ಮನೆಗಳ ಬೆಲೆಯನ್ನು ಹೋಲಿಸಿದರು. ಪರೀಕ್ಷೆಯ ಅಂಕ ಶೇ. 5ರಷ್ಟು ಹೆಚ್ಚಿರುವ ಕಡೆ ಮನೆಗೆ ಸುಮಾರು ಶೇ. 2.5ರಷ್ಟು ಹೆಚ್ಚು ಬೆಲೆ ತೆರಲು ಜನ ಸಿದ್ಧರಿದ್ದರು. ಕ್ಯುಪರ್ಟಿನೊ ಸುತ್ತಮುತ್ತ ಈ ಹಂಬಲಕ್ಕೆ ಹಳೆಯ ಚರಿತ್ರೆಯಿದೆ. ಮೌಂಟನ್ ವ್ಯೂನ ಶಾಲೆಯಲ್ಲಿ ಕಿರುಕುಳ ತಾಳಲಾರದೆ ಬಾಲಕ ಸ್ಟೀವ್ ಜಾಬ್ಸ್ ಅಲ್ಲಿಗೆ ಇನ್ನು ಹೋಗೆನೆಂದು ಹಟ ಹಿಡಿದಾಗ, ಅವನ ತಂದೆತಾಯಿ ಇದ್ದಬದ್ದ ಹಣ ಹೊಂದಿಸಿ ಲಾಸ್ ಆಲ್ಟೋಸ್‌ನಲ್ಲಿ 21,000 ಡಾಲರಿಗೆ ಒಂದು ಮನೆ ಕೊಂಡರು. ಕ್ಯುಪರ್ಟಿನೊದ ಶಾಲೆಗಳ ಸರಹದ್ದಿನೊಳಗೆ ಅದು ಅಂಚಿನಲ್ಲಿ ಬಂದಿತ್ತು. ಹೀಗೆ ಅವನು ಮುಂದೆ ಹೋಮ್‌ಸ್ಟೆಡ್ ಹೈಸ್ಕೂಲು ಸೇರಿದ. ಈಗ ಅದೇ ಸರಹದ್ದಿನೊಳಗೆ ಮನೆ ಕೊಳ್ಳಲು ಹತ್ತಾರು ಲಕ್ಷ ಡಾಲರು ಬೇಕು. ವಿಳಾಸ ನಿಜವೇ ಎಂದು ಶಾಲೆಯವರು ದಾಖಲೆ ಕೇಳಿ ಪರಿಶೀಲಿಸುತ್ತಾರೆ.

ಅಂಕಗಳನ್ನು ಓದುವ ಬಗೆ ತಿಳಿಯದಿದ್ದರೆ ಸರಾಸರಿ ಎಷ್ಟರಮಟ್ಟಿಗೆ ದಾರಿ ತಪ್ಪಿಸಬಲ್ಲದು ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ಎರಡು ಶಾಲೆಗಳಲ್ಲಿ ತಲಾ 100 ಮಕ್ಕಳು ಪರೀಕ್ಷೆ ಬರೆದಿದ್ದಾರೆ ಎನ್ನಿ. ಮೊದಲ ಶಾಲೆಯಲ್ಲಿ 90 ಮಕ್ಕಳ ತಂದೆತಾಯಿ ಕಾಲೇಜು ಓದಿದವರು, 10 ಮಕ್ಕಳ ತಂದೆತಾಯಿ ಓದದವರು. ಮೊದಲ ಗುಂಪಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 30 ಮಕ್ಕಳು ರಾಜ್ಯ ನಿಗದಿಪಡಿಸಿದ ಮಟ್ಟ ಮುಟ್ಟಿದರೆ ಒಟ್ಟು 75 ಮಂದಿ ಆಯಿತು. ಎರಡನೇ ಶಾಲೆಯಲ್ಲಿ ಓದಿದವರ ಮಕ್ಕಳು 40, ಓದದವರ ಮಕ್ಕಳು 60. ಅಲ್ಲಿ ಮೊದಲ ಗುಂಪಿನ ಶೇ. 85, ಎರಡನೇ ಗುಂಪಿನ ಶೇ. 40 ಮಂದಿ ಮಟ್ಟ ಮುಟ್ಟಿದ್ದಾರೆ. ಒಟ್ಟು ಬರುವುದು 58 ಮಾತ್ರ. ಎರಡೂ ಬಗೆಯ ಮಕ್ಕಳಿಗೆ ಎರಡನೇ ಶಾಲೆಯ ಫಲಿತಾಂಶವೇ ಮೇಲು. ಪಟ್ಟಿಯಲ್ಲಿ ಮಾತ್ರ ಅದು 17 ಅಂಶ ಕೆಳಗೆ. ಆದ್ದರಿಂದ ತಮ್ಮ ಮಗುವಿನಂಥ ಮಕ್ಕಳು ಪ್ರತಿ ಶಾಲೆಯಲ್ಲಿ ಹೇಗೆ ಮಾಡಿದ್ದಾರೆ ಎಂಬುದನ್ನೇ ಪಾಲಕರು ಮೊದಲು ನೋಡಬೇಕು. ಆದಾಯ, ಭಾಷೆ, ತಂದೆತಾಯಿಯ ಓದು ಮೊದಲಾದವುಗಳ ಪ್ರಕಾರ ವಿಂಗಡಿಸಿದ ಫಲಿತಾಂಶವನ್ನು ಕ್ಯಾಲಿಫೋರ್ನಿಯಾ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ.

ಒಂದೇ ಬಗೆಯ ಮಕ್ಕಳಿರುವ ಶಾಲೆಗಳನ್ನು ಹೋಲಿಸುವ ಕೆಲಸವನ್ನು ಹಿಂದೆ ರಾಜ್ಯವೇ ಮಾಡಿಕೊಡುತ್ತಿತ್ತು. 1999ರಲ್ಲಿ ಜಾರಿಗೆ ಬಂದ ಸೂಚ್ಯಂಕವೊಂದು ಪ್ರತಿ ಶಾಲೆಗೆ 200ರಿಂದ 1000ದೊಳಗಿನ ಅಂಕ ಕೊಡುತ್ತಿತ್ತು. ಜೊತೆಗೆ ಎರಡು ಶ್ರೇಣಿ: ಒಂದು ರಾಜ್ಯದ ಎಲ್ಲ ಶಾಲೆಗಳೊಂದಿಗೆ ಹೋಲಿಸಿದ್ದು, ಇನ್ನೊಂದು ಅದೇ ಬಗೆಯ ಮಕ್ಕಳಿರುವ 100 ಶಾಲೆಗಳೊಂದಿಗೆ ಹೋಲಿಸಿದ್ದು. ಎರಡನೆಯದನ್ನು ಗಮನಿಸಿದವರು ಕಡಿಮೆ. ಆ ಪದ್ಧತಿ ನಿಂತು, 2017ರಿಂದ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂಬ ಐದು ಬಣ್ಣಗಳ ಡ್ಯಾಶ್‌ಬೋರ್ಡ್ ಬಂದಿದೆ. ಒಂದೇ ಅಂಕಿಗೆ ಶಾಲೆಯನ್ನು ಇಳಿಸುವುದಕ್ಕಿಂತ ಇದು ಮೇಲು. ಅಂಕದ ಜೊತೆಗೆ ಹೈಸ್ಕೂಲು ಮುಗಿಸಿದವರ ಪ್ರಮಾಣ, ಶಿಕ್ಷೆಯಾಗಿ ಮಕ್ಕಳನ್ನು ಹೊರಗಿಟ್ಟ ಪ್ರಮಾಣ, ಇಂಗ್ಲಿಷ್ ಕಲಿಯುತ್ತಿರುವವರ ಪ್ರಗತಿ ಇವೆಲ್ಲ ಅದರಲ್ಲಿ ಬೇರೆಬೇರೆಯಾಗಿ ಕಾಣುತ್ತವೆ.

ಹೈಸ್ಕೂಲುಗಳ ವಿಷಯದಲ್ಲಿ ಒಂದು ದೊಡ್ಡ ಕೊರತೆ ಉಳಿದೇ ಇದೆ. ಇಂಗ್ಲಿಷ್ ಮತ್ತು ಗಣಿತದ ರಾಜ್ಯ ಪರೀಕ್ಷೆ 3ರಿಂದ 8ನೇ ತರಗತಿವರೆಗೆ ಪ್ರತಿವರ್ಷ ನಡೆದು, ಆಮೇಲೆ 11ನೇ ತರಗತಿಯಲ್ಲಿ ಒಮ್ಮೆ ಮಾತ್ರ ಬರುತ್ತದೆ. ಹಾಗಾಗಿ ಮಗು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಬಂತು ಎಂಬ ಲೆಕ್ಕ ಚಿಕ್ಕ ತರಗತಿಗಳಿಗೆ ಸಿಗುತ್ತದೆ, ಹೈಸ್ಕೂಲಿಗೆ ಸಿಗುವುದಿಲ್ಲ. 11ನೇ ತರಗತಿಯ ಒಳ್ಳೆಯ ಅಂಕದಲ್ಲಿ ಎಂಟನೇ ತರಗತಿವರೆಗಿನ ಶಾಲೆಯ, ಟ್ಯೂಷನ್ನಿನ, ಮನೆಯ ಪಾಲೆಷ್ಟು, ಹೈಸ್ಕೂಲಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಪಾಲಕರು ಬರೆದುಕೊಟ್ಟರೆ ಮಗುವಿಗೆ ಪರೀಕ್ಷೆಯಿಂದ ವಿನಾಯಿತಿ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಆದ್ದರಿಂದ ಎಷ್ಟು ಮಂದಿ ಬರೆದರು ಎಂಬುದನ್ನೂ ನೋಡಿಕೊಳ್ಳಬೇಕು.

ಮನೆ ಮಾರಾಟದ ಜಾಲತಾಣಗಳಲ್ಲಿ ಕಾಣುವ ಗ್ರೇಟ್‌ಸ್ಕೂಲ್ಸ್ ಸಂಸ್ಥೆಯ 1ರಿಂದ 10ರ ಅಂಕಿಗೂ, ಯು.ಎಸ್. ನ್ಯೂಸ್ ಪತ್ರಿಕೆಯ ರ‍್ಯಾಂಕಿಗೂ ಇದೇ ಎಚ್ಚರಿಕೆ ಬೇಕು. ಯು.ಎಸ್. ನ್ಯೂಸ್ ಲೆಕ್ಕದಲ್ಲಿ ಕಾಲೇಜು ಮಟ್ಟದ ಎ.ಪಿ. ಮುಂತಾದ ಪರೀಕ್ಷೆಗಳನ್ನು ಎಷ್ಟು ಮಕ್ಕಳು ಬರೆದು ಪಾಸಾದರು ಎಂಬುದಕ್ಕೇ ದೊಡ್ಡ ತೂಕ. ಇದಕ್ಕಿಂತ ಉಪಯುಕ್ತವಾದ ಅಂಕಿಯೊಂದಿದೆ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಲು ಹೈಸ್ಕೂಲಿನಲ್ಲಿ 15 ನಿಗದಿತ ವಾರ್ಷಿಕ ಕೋರ್ಸುಗಳನ್ನು ‘ಸಿ’ ದರ್ಜೆಗೆ ಕಡಿಮೆಯಿಲ್ಲದಂತೆ ಮುಗಿಸಿರಬೇಕು. ನಾಲ್ಕು ವರ್ಷ ಇಂಗ್ಲಿಷ್, ಮೂರು ವರ್ಷ ಗಣಿತ, ಎರಡು ವರ್ಷ ಇನ್ನೊಂದು ಭಾಷೆ ಅವುಗಳಲ್ಲಿ ಸೇರಿವೆ. ಶಾಲೆ ಮುಗಿಸುವಾಗ ಎಷ್ಟು ಮಕ್ಕಳು ಇದನ್ನು ಪೂರೈಸಿದ್ದರು, ಅದರಲ್ಲೂ ಬಡ ಮನೆಗಳ ಮಕ್ಕಳೆಷ್ಟು ಎಂಬುದು ಶಾಲೆಯ ಶ್ರಮವನ್ನು ಹತ್ತಿರದಿಂದ ತೋರಿಸುತ್ತದೆ.

ಮೇಲಿನ ಸ್ಥಾನಕ್ಕೆ ತೆರುವ ಬೆಲೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಓದಿನ ಪೈಪೋಟಿಗೆ ಬೇಸತ್ತು ಬಿಳಿಯ ಕುಟುಂಬಗಳು ಲಿನ್‌ಬ್ರೂಕ್ ಮತ್ತು ಮಾಂಟಾ ವಿಸ್ಟಾದಿಂದ ದೂರ ಸರಿಯುತ್ತಿವೆ ಎಂದು ವಾಲ್ ಸ್ಟ್ರೀಟ್ ಜರ್ನಲ್ 2005ರಲ್ಲೇ ಬರೆದಿತ್ತು. ಒತ್ತಡಕ್ಕೆ ಪ್ರವೇಶದ ನಿಯಮವೂ ಸೇರಿಕೊಳ್ಳುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರತಿ ಹೈಸ್ಕೂಲಿನ ಮೇಲಿನ ಶೇ. 9ರಷ್ಟು ವಿದ್ಯಾರ್ಥಿಗಳನ್ನು ಅವರವರ ಶಾಲೆಯೊಳಗಿನ ಸಾಧನೆಯ ಮೇಲೆ ಗುರುತಿಸುತ್ತದೆ. ಹೋಮ್‌ಸ್ಟೆಡ್ ಅಥವಾ ಫ್ರೀಮಾಂಟ್‌ನಲ್ಲಿ ಆ ಗುಂಪಿಗೆ ಸೇರಬಹುದಾಗಿದ್ದ ಮಗು ಲಿನ್‌ಬ್ರೂಕ್‌ನಲ್ಲಿ ಅದರಿಂದ ಹೊರಗುಳಿಯುವುದು ಸಾಧ್ಯ. ಲಕ್ಷಾಂತರ ಡಾಲರು ಸಾಲ ಮಾಡುವ ಮುನ್ನ ಇದನ್ನು ಯೋಚಿಸುವವರು ಬಹಳ ಕಡಿಮೆ, ಯೋಚಿಸಲೇಬೇಕಾದ ಮಾತು ಇದು. ಈಚಿನ ವರ್ಷಗಳಲ್ಲಿ ಮಕ್ಕಳ ಸಂಖ್ಯೆ ಇಳಿದದ್ದರಿಂದ ಲಿನ್‌ಬ್ರೂಕ್‌ನ ಕೆಲವು ಸೀಟುಗಳನ್ನು ಡಿಸ್ಟ್ರಿಕ್ಟ್‌ನ ಬೇರೆ ಭಾಗದವರಿಗೂ ತೆರೆದಿದ್ದಾರೆ. ಹಾಗಾಗಿ ಮನೆಯೇ ಬದಲಾಗಬೇಕೆಂಬ ಕಟ್ಟು ಮೊದಲಿನಷ್ಟು ಬಿಗಿಯಾಗಿಲ್ಲ.

ಅಂಕಿಗಳಾಚೆ ಓದಬೇಕಾದ ದಾಖಲೆಗಳು ಎರಡು. 1988ರಲ್ಲಿ ಮತದಾರರು ಒಪ್ಪಿದ ಕಾನೂನಿನಂತೆ ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ತನ್ನ ವರದಿಪತ್ರ ಪ್ರಕಟಿಸಬೇಕು. ಶಿಕ್ಷಕರ ಅರ್ಹತೆ, ತರಗತಿಯ ಗಾತ್ರ, ಕಟ್ಟಡದ ಸ್ಥಿತಿ ಅದರಲ್ಲಿರುತ್ತವೆ. ಇನ್ನೊಂದು, ಮಾನ್ಯತೆ ನೀಡುವ ವ್ಯಾಸ್ಕ್ ಸಂಸ್ಥೆಗಾಗಿ ಸಿದ್ಧವಾಗುವ ದೀರ್ಘ ವರದಿ. ಶಾಲೆ ತನ್ನನ್ನು ತಾನೇ ಪರಿಶೀಲಿಸಿಕೊಂಡು ಬರೆದ ಮೇಲೆ ಹೊರಗಿನ ಶಿಕ್ಷಕರ ತಂಡ ಬಂದು ತರಗತಿಗಳಲ್ಲಿ ಕೂತು ನೋಡುತ್ತದೆ, ಮಕ್ಕಳನ್ನೂ ಮಾತಾಡಿಸುತ್ತದೆ. ಗಣಿತದಲ್ಲಿ ಹಿಂದೆ ಬಿದ್ದವರಿಗೆ ಏನು ವ್ಯವಸ್ಥೆಯಿದೆ, ಕೌನ್ಸೆಲರ್ ಒಬ್ಬರಿಗೆ ಎಷ್ಟು ಮಕ್ಕಳು, ಶಾಲೆ ತನ್ನ ಯಾವ ಕೊರತೆಯನ್ನು ಒಪ್ಪಿಕೊಂಡಿದೆ, ಹಿಂದಿನ ಸಲ ಹೇಳಿದ್ದನ್ನು ತಿದ್ದಿಕೊಂಡಿದೆಯೇ ಎಂಬುದೆಲ್ಲ ತಿಳಿಯಬೇಕಾದರೆ ಈ ವರದಿಯನ್ನೇ ಓದಬೇಕು.